ಕೋಲ್ಟ್ರೇನ್ ನಮ್ಮಂಥ ಓಲಗದವರ ಕಿವಿಗೆ ಹತ್ತುತ್ತಾನಾ?

ಗಟ್ಟಿಮೇಳ
ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವನು. ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ನುಡಿಸಲು ಶುರು ಮಾಡಿ 22 ವರ್ಷ ಆಯಿತು. ಅಪ್ಪನದು ನಾಗಸ್ವರ.

ಹೋದ ತಿಂಗಳು ಬೆಂಗಳೂರಲ್ಲಿ ಒಂದು ಮದುವೆ ಇತ್ತು. ಊಟದ ಹೊತ್ತಿಗೆ ಹುಡುಗನ ಕಡೆಯ ಒಬ್ಬ ಬಂದು, "ಅಣ್ಣಾ, ಜಾನ್ ಕೋಲ್ಟ್ರೇನ್ ಕೇಳಿದ್ದೀರಾ?" ಅಂದ. ಇಲ್ಲ ಮಾರಾಯ ಅಂದೆ. ಅಮೆರಿಕದ ಜಾಸ್ ಸ್ಯಾಕ್ಸೋಫೋನ್ ವಾದಕನಂತೆ. ನನ್ನ ಫೋನ್ ತಗೊಂಡು ಅವನೇ ಏಳೆಂಟು ಹಾಕಿಕೊಟ್ಟ. ವಾಪಸ್ ಬರುವಾಗ ರಾತ್ರಿ ಬಸ್ಸಲ್ಲಿ ಕೇಳಿದೆ. ಮೊದಲಿನವು ತುಂಬ ಚೆನ್ನಾಗಿದ್ದವು. ಒಂದನ್ನಂತೂ ಎರಡು ಸಲ ಕೇಳಿದೆ. ಶಿರಾಡಿ ಘಾಟಿ ಇಳಿಯುವಾಗ 'ಅಸೆನ್ಶನ್' ಅಂತ ಒಂದು ಶುರುವಾಯಿತು. ಹತ್ತೇ ನಿಮಿಷಕ್ಕೆ ತಲೆ ಚಿಟ್ಟು ಹಿಡಿಯಿತು. ಇಯರ್‌ಫೋನಿಂದ ಸೋರಿದ ಸದ್ದಿಗೇ ಪಕ್ಕದ ಸೀಟಿನವರು ಎದ್ದು ನನ್ನ ಮುಖ ನೋಡಿದರು.

ನನ್ನ ಪ್ರಶ್ನೆ ಎರಡು. ಇಷ್ಟು ಚೆಂದ ನುಡಿಸುವವನು ಯಾಕೆ ಹಾಗೆ ಮಾಡಿದ? ಇನ್ನೊಂದು, ಆ ಹುಡುಗ ಹೇಳಿದ ಪ್ರಕಾರ ಕೋಲ್ಟ್ರೇನ್ ನಮ್ಮ ಸಂಗೀತ ಕಲಿತಿದ್ದನಂತೆ. ನಿಜವಾ?

ಅರ್ಧಚಹಾ
ಅಸೆನ್ಶನ್ನಿಂದ ಶುರು ಮಾಡೋದು ಅಂದ್ರೆ ಈಜು ಕಲಿಯಲು ಮಳೆಗಾಲದಲ್ಲಿ ಜೋಗಕ್ಕೆ ಹಾರಿದ ಹಾಗೆ ಸರ್ 😄

ಗಟ್ಟಿಮೇಳ
ಶುರು ಮಾಡಿದ್ದಲ್ಲ ಮಾರಾಯ್ರೆ, ಕೊನೆಗೆ ಬಂದದ್ದು. ಅದಕ್ಕೇ ಪೆಟ್ಟು ಜಾಸ್ತಿ ಆದದ್ದು.

ಹಳೇಕ್ಯಾಸೆಟ್
ಮೊದಲನೇ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ. ಆ ಮನುಷ್ಯನ ಕಥೆ ಗೊತ್ತಿಲ್ಲದೆ ಅಸೆನ್ಶನ್ ಕೇಳಿದರೆ ಅದು ಗಲಾಟೆ ಅಷ್ಟೇ.

ಹುಟ್ಟಿದ್ದು 1926ರ ಸೆಪ್ಟೆಂಬರ್ 23, ಉತ್ತರ ಕೆರೊಲಿನಾದ ಹ್ಯಾಮ್ಲೆಟ್ ಅನ್ನೋ ಊರಲ್ಲಿ. ಬೆಳೆದಿದ್ದು ಅದೇ ರಾಜ್ಯದ ಹೈ ಪಾಯಿಂಟ್‌ನಲ್ಲಿ. ಅಪ್ಪ ದರ್ಜಿ, ಮನೆಯಲ್ಲಿ ತಮ್ಮ ಖುಷಿಗೆ ಒಂದೆರಡು ವಾದ್ಯ ನುಡಿಸುತ್ತಿದ್ದರು. ತಾಯಿಯ ಅಪ್ಪ ಚರ್ಚಿನ ಪಾದ್ರಿ. ಹುಡುಗನಿಗೆ 12 ವರ್ಷ ಆದಾಗ ಕೆಲವೇ ತಿಂಗಳ ಅಂತರದಲ್ಲಿ ಅಜ್ಜ, ಅಪ್ಪ, ಅಜ್ಜಿ ಮೂವರೂ ಹೋದರು. ವಾದ್ಯ ಕೈಗೆ ಬಂದದ್ದು ಅದೇ ಹೊತ್ತಿಗೆ. ಮೊದಲು ಕ್ಲಾರಿನೆಟ್, ಆಮೇಲೆ ಆಲ್ಟೊ ಸ್ಯಾಕ್ಸ್. 1943ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ. 1945ರಲ್ಲಿ ಆಲ್ಟೊ ಸ್ಯಾಕ್ಸ್‌ನ ದೊಡ್ಡ ಹೆಸರು ಚಾರ್ಲಿ ಪಾರ್ಕರ್‌ನನ್ನು ಎದುರಿಗೆ ಕೇಳಿ ಬೆರಗಾಗಿ ಹೋದ. ಆಮೇಲೆ ನೌಕಾಪಡೆ, ಹವಾಯಿ, ಅಲ್ಲಿನ ಬ್ಯಾಂಡು. ವಾಪಸ್ ಬಂದಮೇಲೆ ಸುಮಾರು ಹತ್ತು ವರ್ಷ ಬೇರೆಯವರ ತಂಡಗಳಲ್ಲೇ ದುಡಿದ. ಡಿಜ್ಜಿ ಗಿಲೆಸ್ಪಿ, ಅರ್ಲ್ ಬೋಸ್ಟಿಕ್, ಜಾನಿ ಹಾಜಸ್. ಟೆನರ್ (ಆಲ್ಟೊಗಿಂತ ತಗ್ಗು ದನಿಯ ಸ್ಯಾಕ್ಸ್) ಹಿಡಿದದ್ದು ಈ ಓಡಾಟದಲ್ಲೇ.

1955ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತನ್ನ ತಂಡಕ್ಕೆ ಕರೆದ. ಆಗಲೇ 29 ವರ್ಷ. ಇದನ್ನ ಗಮನಿಸಿ. ಪಾರ್ಕರ್ ಅದೇ ವರ್ಷ 34ಕ್ಕೆ ಸತ್ತೇ ಹೋದ. ಕೋಲ್ಟ್ರೇನ್ ಬಾಲಪ್ರತಿಭೆ ಅಲ್ಲವೇ ಅಲ್ಲ. ತಡವಾಗಿ, ಉಜ್ಜಿ ಉಜ್ಜಿ ಮೇಲೆ ಬಂದವನು. ಹೆರಾಯಿನ್ ಚಟ ಇತ್ತು, ಕುಡಿತವೂ ಇತ್ತು. 1957ರಲ್ಲಿ ಮೈಲ್ಸ್ ಕೆಲಸದಿಂದ ತೆಗೆದ. ಫಿಲಡೆಲ್ಫಿಯಾದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಚಟ ಬಿಟ್ಟ. ಆ ವರ್ಷ ದೇವರ ದಯೆಯಿಂದ ನನಗೊಂದು ಎಚ್ಚರ ಆಯಿತು ಅಂತ ಮುಂದೆ ತಾನೇ ಬರೆದುಕೊಂಡಿದ್ದಾನೆ. ಅಲ್ಲಿಂದ 1967ರ ಜುಲೈ 17ಕ್ಕೆ ಸಾಯುವ ತನಕ ಸಿಕ್ಕಿದ್ದು ಬರೀ 10 ವರ್ಷ. ನಾವೆಲ್ಲ ಮಾತಾಡೋ ಕೋಲ್ಟ್ರೇನ್ ಆ 10 ವರ್ಷದವನು. ಸಾಯುವಾಗ 40. ಲಿವರ್ ಕ್ಯಾನ್ಸರ್.

ತಂಬೂರಿ
40ಕ್ಕೇ ಹೋದನಾ? ಫೋಟೋದಲ್ಲಿ ನೋಡಿ 60 ಅಂದುಕೊಂಡಿದ್ದೆ.

ವಿಶ್ವಗುರು_ಕನ್ನಡಿಗ
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಹೌದು, ಕಲಿತಿದ್ದು ನಮ್ಮಿಂದಲೇ! ಒಂದು ಸಂಯೋಜನೆಗೆ 'ಇಂಡಿಯಾ' ಅಂತಲೇ ಹೆಸರಿಟ್ಟ. ಮಗನಿಗೆ ರವಿ ಅಂತ ಹೆಸರಿಟ್ಟ. ಭಗವದ್ಗೀತೆ ಓದುತ್ತಿದ್ದ. ಇನ್ನೇನು ಸಾಕ್ಷಿ ಬೇಕು? ಜಾಸ್ ಅನ್ನೋದೇ ನಮ್ಮ ಮನೋಧರ್ಮದ ನಕಲು.

ಸುಮ್ನೆ_ಒಬ್ಳು
ಅಯ್ಯೋ ಶುರುವಾಯ್ತು.

ಹಳೇಕ್ಯಾಸೆಟ್
ಸ್ವಾಮಿ, ಮೊದಲ ಮೂರು ಸರಿ, ನಾಲ್ಕನೇದು ಪೂರ್ತಿ ತಪ್ಪು. ಜಾಸ್ ಬಂದಿದ್ದು ಅಮೆರಿಕದ ಕಪ್ಪು ಜನರ ಬ್ಲೂಸ್, ಚರ್ಚಿನ ಹಾಡು, ನ್ಯೂ ಆರ್ಲಿಯನ್ಸ್ ಬೀದಿಯ ಬ್ಯಾಂಡುಗಳಿಂದ. ಅದನ್ನ ಕಿತ್ತುಕೊಂಡು ನಮ್ಮದು ಅನ್ನಬೇಡಿ.

ಆ 'ರವಿ' ಅಂದರೆ ಸಿತಾರ್‌ನ ಪಂಡಿತ್ ರವಿಶಂಕರ್. ಅವರ ವಿಷಯ ಹೀಗೆ. 60ರ ದಶಕದ ಶುರುವಿನಿಂದಲೇ ಅವರ ರೆಕಾರ್ಡುಗಳನ್ನ ಕೋಲ್ಟ್ರೇನ್ ತುಂಬಾ ಕೇಳುತ್ತಿದ್ದ. ಕೆಲವು ಸಲ ಭೇಟಿಯಾಗಿ ರಾಗ, ತಾಳದ ಬಗ್ಗೆ ಕೇಳಿ ತಿಳಿದುಕೊಂಡ. ಕೂತು ಕ್ರಮವಾಗಿ ಕಲಿಯಬೇಕು ಅಂತಿದ್ದ, ಅಷ್ಟರಲ್ಲಿ ತೀರಿಕೊಂಡ. 1965ರಲ್ಲಿ ಹುಟ್ಟಿದ ಮಗ ರವಿ ಕೋಲ್ಟ್ರೇನ್‌ಗೆ ಆ ಹೆಸರು ಬಂದದ್ದು ರವಿಶಂಕರ್ ಮೇಲಿನ ಗೌರವಕ್ಕೆ. ಆ ಮಗನೂ ಈಗ ದೊಡ್ಡ ಸ್ಯಾಕ್ಸ್ ವಾದಕ.

ತಮಾಷೆ ಅಂದರೆ, ಕೋಲ್ಟ್ರೇನ್ ಸಂಗೀತ ಕೇಳಿ ರವಿಶಂಕರ್‌ಗೇ ಕಸಿವಿಸಿ ಆಗಿತ್ತು. ಇಷ್ಟು ಶಾಂತ ಮನುಷ್ಯ, ಗೀತೆ ಓದುತ್ತಾನೆ, ಮಾಂಸ ಬಿಟ್ಟಿದ್ದಾನೆ, ಆದರೂ ವಾದನದಲ್ಲಿ ಇಷ್ಟೊಂದು ತಳಮಳ ಯಾಕೆ ಅಂತ ಅವರು ಹೇಳಿಕೊಂಡಿದ್ದಾರೆ. ಹಾಗಾಗಿ ಗಟ್ಟಿಮೇಳ ಅವರೇ, ಬಸ್ಸಿನಲ್ಲಿ ನಿಮಗೆ ಆದದ್ದು ಪಂಡಿತರಿಗೂ ಆಗಿತ್ತು.

ಗಟ್ಟಿಮೇಳ
ಹಾಗಾದರೆ ನಾನು ಒಳ್ಳೆ ಕಂಪನಿಯಲ್ಲಿದ್ದೇನೆ 🙏

ಧಾರವಾಡ_ಪೇಢೆ
ಒಂದು ಅನುಮಾನ. ಎಲ್ಲರೂ 'ಅವನು' 'ಸತ್ತ' ಅಂತ ಬರೆಯುತ್ತಿದ್ದೀರಿ. ಕದ್ರಿ ಗೋಪಾಲನಾಥ್ ಅಂದರೆ 'ಅವರು', ಕೋಲ್ಟ್ರೇನ್ ಅಂದರೆ 'ಅವನು'. ಏನ್ರೀ ಇದು?

ಅರ್ಧಚಹಾ
ದೇವರಿಗೂ ಅವನು ಅಂತೀವಲ್ಲ ಸರ್.

ಧಾರವಾಡ_ಪೇಢೆ
ಹೂಂ, ಅದು ಖರೆ. ನಮ್ಮಜ್ಜನೂ "ಭೀಮಸೇನ ಹಾಡ್ತಾನ ನೋಡು" ಅಂತಲೇ ಹೇಳುತ್ತಿದ್ದರು. ವಾಪಸ್ ತಗೊಂಡೆ.

ಮೇಳಕರ್ತ72
ಕಲಿತನೋ ಇಲ್ಲವೋ ಅನ್ನೋ ಜಗಳ ಬಿಡಿ. ಸಂಗೀತ ಗೊತ್ತಿರುವವರು ಕೇಳಿದ್ದಾರೆ, ಸಂಗೀತದಲ್ಲೇ ಉತ್ತರ ಕೊಡೋಣ.

ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959. ಅದರಲ್ಲಿ ಟೆನರ್ ನುಡಿಸಿದ್ದು ಕೋಲ್ಟ್ರೇನ್. ಮೊದಲ ಟ್ರ್ಯಾಕ್ 'ಸೋ ವಾಟ್'. ಅದಕ್ಕಿಂತ ಹಿಂದಿನ ಜಾಸ್‌ನಲ್ಲಿ ಎರಡು ಅಕ್ಷರಕ್ಕೊಮ್ಮೆ, ನಾಲ್ಕು ಅಕ್ಷರಕ್ಕೊಮ್ಮೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬದಲಾಗುತ್ತಲೇ ಇರುತ್ತದೆ. ವಾದಕ ಅದರ ಹಿಂದೆ ಓಡಬೇಕು. ಇಲ್ಲಿ 16 ಬಾರ್ (ಒಂದು ಬಾರ್ ಅಂದರೆ ನಾಲ್ಕು ಅಕ್ಷರ) ಪೂರ್ತಿ ಒಂದೇ ಸ್ವರಗುಚ್ಛ. ಆಮೇಲೆ 8 ಬಾರ್ ಅದನ್ನೇ ಅರ್ಧ ಮನೆ ಮೇಲಕ್ಕೆ, ಮತ್ತೆ 8 ಬಾರ್ ಮೊದಲಿನ ಜಾಗಕ್ಕೆ. ಆ ಸ್ವರಗಳನ್ನ ಬಿಡಿಸಿ ನೋಡಿ: ಸ ರಿ2 ಗ2 ಮ1 ಪ ದ2 ನಿ2. ನಮ್ಮ ಖರಹರಪ್ರಿಯ ರಾಗದ ಸ್ವರಗಳು.

ವಿಶ್ವಗುರು_ಕನ್ನಡಿಗ
ನಾನು ಹೇಳಲಿಲ್ವಾ!!

ಮೇಳಕರ್ತ72
ನೀವು ಹೇಳಲಿಲ್ಲ. ಏಳು ಸ್ವರ ಹೊಂದಿದ ಮಾತ್ರಕ್ಕೆ ರಾಗ ಆಗುವುದಿಲ್ಲ. ಗಮಕ ಎಲ್ಲಿದೆ? ಆ ಗಾಂಧಾರ ನಮ್ಮ ಹಾಗೆ ಓಲಾಡುತ್ತದಾ? ಸ್ವರಗಳ ಡಬ್ಬಿ ಒಂದೇ, ಅಡುಗೆ ಬೇರೆ. ಆದರೆ ನಮ್ಮ ಕಿವಿಗೆ ಅದು ಸಲೀಸಾಗಿ ಇಳಿಯುವುದು ಯಾಕೆ ಅನ್ನುವುದಕ್ಕೆ ಇದೇ ಕಾರಣ. ಷಡ್ಜ ಒಂದು ಕಡೆ ನಿಲ್ಲುತ್ತದೆ.

'ಮೈ ಫೇವರಿಟ್ ಥಿಂಗ್ಸ್' ಕೂಡ ಹಾಗೇ. ಬ್ರಾಡ್‌ವೇ ನಾಟಕದ ಹಾಡು, ಮೂರಕ್ಷರದ ನಡೆ. 1960ರ ಅಕ್ಟೋಬರ್‌ನಲ್ಲಿ ಅದನ್ನ ಎತ್ತರದ ದನಿಯ ಸೊಪ್ರಾನೊ ಸ್ಯಾಕ್ಸ್‌ನಲ್ಲಿ ನುಡಿಸಿ ಸುಮಾರು 14 ನಿಮಿಷಕ್ಕೆ ಹಿಗ್ಗಿಸಿದ. ಮೆಕಾಯ್ ಟೈನರ್ ಪಿಯಾನೊದಲ್ಲಿ ಎರಡೇ ಕಾರ್ಡ್ ತಿರುಗಿಸಿ ತಿರುಗಿಸಿ ನುಡಿಸುತ್ತಾನೆ. ನಮ್ಮ ತಂಬೂರಿಯ ಕೆಲಸ ಅದು.

ತಂಬೂರಿ
ನನ್ನನ್ನ ಯಾಕೆ ಎಳೀತೀರಿ 😂

ಗಟ್ಟಿಮೇಳ
ಅದೇ! ನಾನು ಎರಡು ಸಲ ಕೇಳಿದ್ದು ಅದನ್ನೇ. ಆ ಸೊಪ್ರಾನೊ ನನಗೆ ನಾಗಸ್ವರದ ಹಾಗೇ ಕೇಳಿಸಿತು. ಅಪ್ಪ ಇದ್ದಿದ್ದರೆ "ಯಾರದು ಮಾಣಿ, ಉಸಿರು ಗಟ್ಟಿ ಉಂಟು" ಅನ್ನುತ್ತಿದ್ದರು. ನಮ್ಮ ಕಡೆ ಎಲ್ಲರೂ ಆಲ್ಟೊ. ಸೊಪ್ರಾನೊ ಹಿಡಿದವರು ಕಡಿಮೆ.

ಅದಿರಲಿ, 'ಜಯಂಟ್ ಸ್ಟೆಪ್ಸ್' ಅಂತ ಒಂದಿದೆಯಲ್ಲ, ಅದರಲ್ಲಿ ಷಡ್ಜ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ನಾನು ಆಲ್ಟೊ ತೆಗೆದು ಜೊತೆಗೆ ನುಡಿಸಲು ಹೋಗಿ ನಾಲ್ಕನೇ ಸೆಕೆಂಡಿಗೆ ಕೈಬಿಟ್ಟೆ.

ಮೇಳಕರ್ತ72
ನಾಲ್ಕು ಸೆಕೆಂಡ್ ಅಂದರೆ ಗೌರವದ ಸಂಗತಿ. 1959ರಲ್ಲಿ ರೆಕಾರ್ಡ್ ಮಾಡುವಾಗ ಪಿಯಾನೊದಲ್ಲಿದ್ದ ಟಾಮಿ ಫ್ಲಾನಗನ್ ದೊಡ್ಡ ಹೆಸರು. ಆತನೇ ತನ್ನ ಸರದಿ ಬಂದಾಗ ತಡವರಿಸಿ, ಕೊನೆಗೆ ಬರೀ ಕಾರ್ಡ್ ಒತ್ತುತ್ತಾ ಕೂರುವುದು ಈಗಲೂ ರೆಕಾರ್ಡಿನಲ್ಲಿ ಕೇಳುತ್ತದೆ.

ಷಡ್ಜ ಸಿಗಲಿಲ್ಲ ಅಂದಿರಲ್ಲ, ಒಂದಲ್ಲ, ಮೂರಿವೆ. ಮೊದಲನೆಯದನ್ನ ಸ ಅಂತ ಇಟ್ಟುಕೊಳ್ಳಿ. ಎರಡನೇ ಷಡ್ಜ ಅದರ ಶುದ್ಧ ಧೈವತ, ಮೂರನೇದು ಅಂತರ ಗಾಂಧಾರ. ಸ, ಗ3, ದ1. ಒಂದು ಸ್ಥಾಯಿಯನ್ನ ಸರಿಯಾಗಿ ಮೂರು ಪಾಲು ಮಾಡಿದಂತೆ. ಈ ಮೂರು ಷಡ್ಜಗಳ ನಡುವೆ ಎರಡೆರಡು ಅಕ್ಷರಕ್ಕೆ ಕಾರ್ಡ್ ಬದಲಾಗುತ್ತಾ ಜಿಗಿತ ನಡೆಯುತ್ತದೆ. ಅದೂ ಎಂಥಾ ವೇಗದಲ್ಲಿ! ನಮ್ಮಲ್ಲಿ ಗ್ರಹಭೇದ ಮಾಡುವವರು ಹತ್ತು ನಿಮಿಷ ಆಲಾಪನೆ ಮಾಡಿ, ನಿಧಾನಕ್ಕೆ ಒಂದು ಸಲ ಷಡ್ಜ ಸರಿಸಿ, ಚಪ್ಪಾಳೆ ಬಿದ್ದಮೇಲೆ ವಾಪಸ್ ಬರುತ್ತಾರೆ. ಇವನು ಉಸಿರು ತಗೊಳ್ಳುವಷ್ಟರಲ್ಲಿ ಮೂರು ಮನೆ ಸುತ್ತಿ ಬಂದಿರುತ್ತಾನೆ.

ರಾತ್ರಿಪಾಳಿ
ಗ್ರಹಭೇದದಲ್ಲಿ ಸ್ವರಗಳು ಅವೇ ಇದ್ದು ಷಡ್ಜ ಮಾತ್ರ ಬದಲಾಗುತ್ತೆ. ಇಲ್ಲಿ ಸ್ವರಗಳೂ ಬದಲಾಗುತ್ತವೆ. ಹೋಲಿಕೆ ಪೂರ್ತಿ ಕೂರಲ್ಲ ಸರ್.

ಮೇಳಕರ್ತ72
ಒಪ್ಪಿದೆ. ಇದು ಗ್ರಹಭೇದ ಅಲ್ಲ, ಮನೆಯನ್ನೇ ಬದಲಾಯಿಸೋದು.

ರಾತ್ರಿಪಾಳಿ
ಈಗ ಗಟ್ಟಿಮೇಳ ಅವರ ಮೊದಲ ಪ್ರಶ್ನೆಗೆ ಬರೋಣ. ಯಾರೂ ನೇರ ಉತ್ತರ ಕೊಟ್ಟಿಲ್ಲ. ನನ್ನ ಲೆಕ್ಕ ಇಷ್ಟು: ಅವನು ಒಂದು ಬಾಗಿಲನ್ನ ತೆಗೆದ ಮೇಲೆ ಅಲ್ಲಿ ಕೂರುತ್ತಿರಲಿಲ್ಲ. ಜಯಂಟ್ ಸ್ಟೆಪ್ಸ್‌ನಲ್ಲಿ ಕಾರ್ಡುಗಳನ್ನ ಎಷ್ಟು ಕಿಕ್ಕಿರಿಸಬಹುದೋ ಅಷ್ಟು ಕಿಕ್ಕಿರಿಸಿದ. ಮುಗೀತು. ಮರುವರ್ಷವೇ ಎರಡು ಕಾರ್ಡಿಗೆ ಇಳಿದ. 1961ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ 'ಇಂಡಿಯಾ' ನುಡಿಸಿದಾಗ ಎರಡು ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಇಟ್ಟುಕೊಂಡು ಒಂದೇ ಷಡ್ಜದ ಮೇಲೆ ನಿಂತ. ಅದೇ ತಿಂಗಳು ಡೌನ್‌ಬೀಟ್ ಪತ್ರಿಕೆಯ ವಿಮರ್ಶಕರೊಬ್ಬರು ಇವನ ತಂಡದ ವಾದನವನ್ನ 'ಜಾಸ್ ವಿರೋಧಿ' ಅಂತ ಬರೆದರು. ಅದಕ್ಕೂ ಮೊದಲು, 1960ರಲ್ಲಿ ಪ್ಯಾರಿಸ್‌ನಲ್ಲಿ ಮೈಲ್ಸ್ ಜೊತೆ ನುಡಿಸುವಾಗಲೇ ಜನ ಕೂಗು ಹಾಕಿದ್ದರು. ಅಂದರೆ ನಮಗೆ ಇವತ್ತು ಹಿತವಾಗಿ ಕೇಳಿಸುವ ಕೋಲ್ಟ್ರೇನ್ ಕೂಡ ಆಗ ಗಲಾಟೆಯೇ ಆಗಿದ್ದ.

ಸುಮ್ನೆ_ಒಬ್ಳು
ಈ ವಾದ ನನಗೆ ಇಷ್ಟ ಆಗಲ್ಲ. "ಆಗ ಗಲಾಟೆ ಅಂದಿದ್ದರು, ಈಗ ಶಾಸ್ತ್ರೀಯ ಆಯಿತು, ಆದ್ದರಿಂದ ಅಸೆನ್ಶನ್ನೂ ಒಂದು ದಿನ ಅರ್ಥ ಆಗುತ್ತೆ" ಅಂತ. 60 ವರ್ಷ ಆಯಿತು, ನನಗೆ ಇನ್ನೂ ಆಗಿಲ್ಲ! ಅವನ ತಂಡದವರಿಗೇ ಆಗಲಿಲ್ಲವಲ್ಲ. 1965ರ ಕೊನೆಗೆ ಟೈನರ್ ಬಿಟ್ಟು ಹೋದ, ತನ್ನ ಪಿಯಾನೊ ತನಗೇ ಕೇಳಿಸುತ್ತಿಲ್ಲ ಅಂತ. ಅದರ ಬೆನ್ನಿಗೇ ಡ್ರಮ್ಮರ್ ಎಲ್ವಿನ್ ಜೋನ್ಸ್ ಕೂಡ ಹೋದ. ಜಗತ್ತಿನ ಅತ್ಯುತ್ತಮ ನಾಲ್ವರ ತಂಡ ಒಡೆಯಿತು. ನಾನು ಅವನ ಭಕ್ತೆ, ಆದರೂ ಕೊನೆಯ ಎರಡು ವರ್ಷ ನನಗೆ ಬೇಡ.

ಹಳೇಕ್ಯಾಸೆಟ್
ಬೇಡ ಅನ್ನೋ ಹಕ್ಕು ನಿಮಗಿದೆ ಮೇಡಂ. ಒಂದೇ ಮಾತು: ಅಸೆನ್ಶನ್ 1965ರ ಜೂನ್‌ನದು. 11 ಜನ, ಸುಮಾರು 40 ನಿಮಿಷ. ಎಲ್ಲರೂ ಒಟ್ಟಿಗೆ ಕೂಗ್ತಾರೆ, ಒಬ್ಬ ಮಾತಾಡ್ತಾನೆ, ಮತ್ತೆ ಎಲ್ಲರೂ ಕೂಗ್ತಾರೆ. ಆ ಕ್ರಮ ಹಿಡಿದು ಕೇಳಿದರೆ ಗಲಾಟೆ ಸ್ವಲ್ಪ ಬಿಡಿಸಿಕೊಳ್ಳುತ್ತೆ.

ಅರ್ಧಚಹಾ
ನಮ್ಮ ಮನೆಯ ಆಸ್ತಿ ಪಾಲಿನ ಪಂಚಾಯ್ತಿ ಇದೇ ಕ್ರಮದಲ್ಲಿ ನಡೆದಿತ್ತು.

ಹಳೇಕ್ಯಾಸೆಟ್
😂 ಮೈಲ್ಸ್‌ನ ಕಥೆ ನೆನಪಾಯ್ತು. ಕೋಲ್ಟ್ರೇನ್ ಗಂಟೆಗಟ್ಟಲೆ ಸೋಲೊ ನುಡಿಸುತ್ತಾನೆ ಅಂತ ತಕರಾರು. ಹೇಗೆ ನಿಲ್ಲಿಸೋದು ಅಂತ ನನಗೆ ಗೊತ್ತಾಗಲ್ಲ ಅಂದನಂತೆ ಇವನು. ವಾದ್ಯವನ್ನ ಬಾಯಿಂದ ತೆಗಿ ಅಂದನಂತೆ ಮೈಲ್ಸ್.

ಗಟ್ಟಿಮೇಳ
ಇದು ನಮ್ಮ ಪುರೋಹಿತರಿಗೆ ಗೊತ್ತಾದರೆ ಕಷ್ಟ. ಮುಹೂರ್ತದ ಹೊತ್ತಿಗೆ ನಾನು ಒಂದು ಕೃತಿ ಎಳೆದರೆ ಅವರು ಕೈ ತೋರಿಸುತ್ತಾರೆ, ಸಾಕು ಅಂತ. ಗಟ್ಟಿಮೇಳಕ್ಕೆ ಅದೇ ಕೈ ಎತ್ತಿದರೆ ಎಷ್ಟು ಜೋರು ಬೇಕಾದರೂ ನುಡಿಸಬಹುದು. ಆಗ ನಾವು ಆರೇಳು ಜನ ಏನು ನುಡಿಸುತ್ತೇವೆ ಅಂತ ನಮಗೇ ಗೊತ್ತಿರುವುದಿಲ್ಲ. ಅಪಶಬ್ದ ಕಿವಿಗೆ ಬೀಳಬಾರದು, ಅಷ್ಟೇ. ಬರೆಯುತ್ತಾ ಹೊಳೆಯಿತು, ಅದೂ ಒಂದು ಅಸೆನ್ಶನ್ನೇ ಅಲ್ವಾ?

ರಾತ್ರಿಪಾಳಿ
ಈ ಇಡೀ ಚರ್ಚೆಯಲ್ಲಿ ಇದು ಬೆಸ್ಟ್ ಕಾಮೆಂಟ್.

ಸುಮ್ನೆ_ಒಬ್ಳು
ಗಟ್ಟಿಮೇಳ ಎರಡು ನಿಮಿಷಕ್ಕೆ ಮುಗಿಯುತ್ತೆ ಸರ್. 40 ನಿಮಿಷ ಆದರೆ ಹುಡುಗಿ ಎದ್ದು ಹೋಗ್ತಾಳೆ.

ಧಾರವಾಡ_ಪೇಢೆ
'ಅಲಬಾಮ' ಯಾರೂ ಹೇಳಲಿಲ್ಲವಲ್ಲ. 1963ರ ಸೆಪ್ಟೆಂಬರ್ 15, ಭಾನುವಾರ. ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿಗೆ ಬಿಳಿಯ ಜನಾಂಗದ್ವೇಷಿಗಳು ಬಾಂಬಿಟ್ಟರು. ನಾಲ್ಕು ಹುಡುಗಿಯರು ಸತ್ತರು. ಎರಡೇ ತಿಂಗಳಲ್ಲಿ ಕೋಲ್ಟ್ರೇನ್ ಇದನ್ನ ರೆಕಾರ್ಡ್ ಮಾಡಿದ. ವೇಗ ಇಲ್ಲ, ಕಸರತ್ತಿಲ್ಲ, ಐದು ನಿಮಿಷ. ಹೆಣದ ಮುಂದೆ ಕೂತು ಹಿರಿಯರೊಬ್ಬರು ಮಾತಾಡಿದ ಹಾಗೆ. ಭಾಷಣ ಮಾಡುವ ಮನುಷ್ಯ ಅವನಲ್ಲ, ಹೇಳಬೇಕಾದ್ದನ್ನ ಅಲ್ಲಿ ಹೇಳಿಬಿಟ್ಟ. ನಾನು ಇದನ್ನ ವರ್ಷಕ್ಕೊಂದು ಸಲಕ್ಕಿಂತ ಜಾಸ್ತಿ ಕೇಳಲಾರೆ.

ತಂಬೂರಿ
ಈಗ ಕೇಳಿದೆ. ಏನೂ ಬರೆಯಲು ತೋಚುತ್ತಿಲ್ಲ.

ಕಾಪು_ಲೈಟ್‌ಹೌಸ್
ನಮ್ಮ ಕರಾವಳಿಯ ಕೊಂಡಿಯನ್ನ ನಾನು ಹಾಕುತ್ತೇನೆ. ಕದ್ರಿ ಗೋಪಾಲನಾಥರು ಹುಟ್ಟಿದ್ದು 1949, ಬಂಟ್ವಾಳ ತಾಲೂಕಿನ ಸಜಿಪಮೂಡ. ಅವರ ತಂದೆಯದೂ ನಾಗಸ್ವರ, ಗಟ್ಟಿಮೇಳ ಅವರ ಮನೆಯ ಹಾಗೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದಕ್ಕೇ ಅಂಟಿಕೊಂಡರು. 1980ರಲ್ಲಿ ಬೊಂಬಾಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನ ಕೇಳಿ ಜೊತೆಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವ, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಇನ್ನೊಂದು ಹೆಸರು ರುದ್ರೇಶ್ ಮಹಂತಪ್ಪ. ಬೆಳೆದಿದ್ದು ಅಮೆರಿಕದ ಕೊಲೊರಾಡೊದಲ್ಲಿ, ಪಕ್ಕಾ ಜಾಸ್ ಆಲ್ಟೊ ವಾದಕ. ಅವರಣ್ಣ ತಮಾಷೆಗೆ ಅಂತ ಕದ್ರಿಯವರ ಒಂದು ರೆಕಾರ್ಡ್ ತಂದುಕೊಟ್ಟರಂತೆ. ತಮಾಷೆ ಎಲ್ಲಿಗೆ ಹೋಯಿತು ನೋಡಿ, 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಆಲ್ಬಂ ಮಾಡಿದರು. ಗಟ್ಟಿಮೇಳ ಅವರೇ, ನೀವು ಅಲ್ಲಿಂದ ಹೊರಟರೆ ಕೋಲ್ಟ್ರೇನ್ ಮನೆಗೆ ದಾರಿ ಸುಲಭ.

ಗಟ್ಟಿಮೇಳ
ಕದ್ರಿಯವರು ನುಡಿಸುವಾಗ ಚಿಕ್ಕಂದಿನಲ್ಲಿ ವೇದಿಕೆಯ ಬದಿಯಲ್ಲಿ ಕೂತು ಬೆರಳು ಮಾತ್ರ ನೋಡಿದವನು ನಾನು. ಅವರಿಲ್ಲದಿದ್ದರೆ ನಮ್ಮ ಕೈಗೆ ಈ ವಾದ್ಯವೇ ಇಲ್ಲ. ಕಿನ್ಸ್‌ಮೆನ್ ಗೊತ್ತಿರಲಿಲ್ಲ, ಇವತ್ತೇ ಕೇಳುತ್ತೇನೆ.

ವಿಶ್ವಗುರು_ಕನ್ನಡಿಗ
ಅವನ ಹೆಂಡತಿ ಆಲಿಸ್ ಕೋಲ್ಟ್ರೇನ್ ಬಗ್ಗೆಯೂ ಹೇಳಿ. ಆಕೆಯಂತೂ ನಮ್ಮವಳೇ ಆದಳು. ಇದನ್ನಾದರೂ ಒಪ್ಪುತ್ತೀರಾ?

ಹಳೇಕ್ಯಾಸೆಟ್
ಇದನ್ನ ಪೂರ್ತಿ ಒಪ್ಪಿದೆ. ಡೆಟ್ರಾಯಿಟ್‌ನ ಪಿಯಾನೊ ವಾದಕಿ, ಆಮೇಲೆ ಹಾರ್ಪ್. ಟೈನರ್ ಹೋದಮೇಲೆ ಗಂಡನ ತಂಡದಲ್ಲಿ ಪಿಯಾನೊ ಆಕೆಯದೇ. ಗಂಡ ಹೋದಮೇಲೆ ಸ್ವಾಮಿ ಸಚ್ಚಿದಾನಂದರ ಶಿಷ್ಯೆಯಾಗಿ, ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ, ತುರೀಯಸಂಗೀತಾನಂದ ಅನ್ನುವ ಹೆಸರಲ್ಲಿ ಭಜನೆ ಹಾಡಿಸಿಕೊಂಡಿದ್ದರು. ನಮ್ಮ ಭಜನೆ, ಡೆಟ್ರಾಯಿಟ್ ಚರ್ಚಿನ ದನಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ ಕೋಲ್ಟ್ರೇನ್‌ನನ್ನೇ ಸಂತ ಅಂತ ಪೂಜಿಸುವ ಚರ್ಚಿದೆ. ಕೈಯಲ್ಲಿ ಸ್ಯಾಕ್ಸ್ ಹಿಡಿದ ಅವನ ಚಿತ್ರಪಟ, ಪ್ರಾರ್ಥನೆಗೆ ಅವನದೇ ಸಂಗೀತ.

ಅರ್ಧಚಹಾ
ಹೆರಾಯಿನ್ ಬಿಟ್ಟು ಸಂತ ಆದ. ನಮ್ಮಲ್ಲಿ ಬೇಡ ವಾಲ್ಮೀಕಿ ಆಗಲಿಲ್ವಾ.

ರಾತ್ರಿಪಾಳಿ
ಗಟ್ಟಿಮೇಳ ಅವರಿಗೆ ಒಂದು ಹೋಂವರ್ಕ್. 'ಎ ಲವ್ ಸುಪ್ರೀಂ'. 1964ರ ಡಿಸೆಂಬರ್ 9, ಒಂದೇ ರಾತ್ರಿ, ನಾಲ್ಕು ಜನ, 33 ನಿಮಿಷ. ಮೊದಲ ಭಾಗದಲ್ಲಿ ಬಾಸ್ ನಾಲ್ಕೇ ಸ್ವರ ಹಿಡಿಯುತ್ತೆ: ಸ ಗ2 ಸ ಮ1. ಕೊನೆಯ ಕಡೆ ಕೋಲ್ಟ್ರೇನ್ ಆ ನಾಲ್ಕು ಸ್ವರವನ್ನ ಹನ್ನೆರಡೂ ಶ್ರುತಿಗೆ ಹೊತ್ತುಕೊಂಡು ತಿರುಗುತ್ತಾನೆ, ಎಲ್ಲ ಮನೆಯ ಬಾಗಿಲು ತಟ್ಟಿದ ಹಾಗೆ. ಆಮೇಲೆ ಆ ಸ್ವರಕ್ಕೆ ಮಾತು ಸೇರಿಸಿ ಬಾಯಲ್ಲಿ ಹೇಳುತ್ತಾನೆ, ನಾಮಜಪದಂತೆ. ಕೊನೆಯ ಭಾಗ 'ಸಾಮ್', ಅಂದರೆ ಸ್ತೋತ್ರ. ರೆಕಾರ್ಡಿನ ಜೊತೆ ಅವನೇ ಬರೆದ ಒಂದು ಪ್ರಾರ್ಥನೆ ಅಚ್ಚಾಗಿದೆ. ಅದನ್ನ ಕೈಯಲ್ಲಿ ಹಿಡಿದು ಕೇಳಿ. ಸ್ಯಾಕ್ಸ್‌ನಲ್ಲಿ ಅವನು ನುಡಿಸುತ್ತಿರುವುದು ಆ ಪ್ರಾರ್ಥನೆಯ ಒಂದೊಂದೇ ಮಾತನ್ನ. ನೀವು ಕೃತಿ ನುಡಿಸುವಾಗ ಸಾಹಿತ್ಯ ಮನಸ್ಸಲ್ಲಿ ಹೇಳಿಕೊಳ್ಳುತ್ತೀರಲ್ಲ, ಹಾಗೇ.

ಗಟ್ಟಿಮೇಳ
ಸಾಹಿತ್ಯ ಇಟ್ಟುಕೊಂಡು ನುಡಿಸುತ್ತಾನಾ! ಇದನ್ನ ಯಾರೂ ಮೊದಲೇ ಹೇಳಲಿಲ್ಲವಲ್ಲ ಮಾರಾಯ್ರೆ. ಅಪ್ಪ ಕೈಗೆ ಹೊಡೆದು ಕಲಿಸಿದ್ದೇ ಅದು. ಮಾತು ಎಲ್ಲಿ ತುಂಡಾಗುತ್ತದೋ ಅಲ್ಲೇ ಉಸಿರು ತಗೋ ಅಂತ.

ಗಟ್ಟಿಮೇಳ
(ಹತ್ತು ದಿನ ಆದಮೇಲೆ) ವರದಿ ಒಪ್ಪಿಸುತ್ತಿದ್ದೇನೆ. ಮಗಳು ಆ ಪ್ರಾರ್ಥನೆಯನ್ನ ಇಂಗ್ಲಿಷಿನಲ್ಲಿ ಓದಿದಳು, ನಾನು ಕೇಳಿದೆ. ಒಂದು ಕಡೆ ಅವನು ಉಸಿರು ತಗೊಳ್ಳುವ ಜಾಗಕ್ಕೂ ಮಗಳು ವಾಕ್ಯ ಮುಗಿಸುವ ಜಾಗಕ್ಕೂ ಸರಿಯಾಗಿ ಕೂಡಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ನಿನ್ನೆ ಕುಂದಾಪುರದಲ್ಲಿ ಮದುವೆ. ಊಟದ ಹೊತ್ತಿಗೆ ಹಾಲ್ ಖಾಲಿ. ಸುಮ್ನೆ ಸ ಗ ಸ ಮ ಹಿಡಿದೆ. ಡೋಲಿನ ಹುಡುಗ ಸೇರಿಕೊಂಡ. ಚೆನ್ನಾಗಿಯೇ ಹೋಗುತ್ತಿತ್ತು. ಧೈರ್ಯ ಬಂದು ಷಡ್ಜ ಸರಿಸಿದೆ, ಮತ್ತೆ ಸರಿಸಿದೆ. ಐದನೇ ಮನೆಗೆ ಹೋದಾಗ ಹುಡುಗ ನಿಲ್ಲಿಸಿ, "ಅಣ್ಣಾ, ಶ್ರುತಿ ಪೆಟ್ಟಿಗೆ ಬಂದ್ ಮಾಡ್ಲಾ, ಇಲ್ಲ ನಿಮ್ಗೇ ಹುಷಾರಿಲ್ವಾ?" ಅಂದ.

ಅರ್ಧಚಹಾ
😂😂😂

ಸುಮ್ನೆ_ಒಬ್ಳು
ಐದು ಮನೆ ಆಯ್ತು, ಇನ್ನು ಏಳು ಬಾಕಿ ಇದೆ ಸರ್.

ಗಟ್ಟಿಮೇಳ
ಮುಂದಿನ ಮುಹೂರ್ತ ಗುರುವಾರ. ಅಂದ ಹಾಗೆ, ಒಂದು ಹಳೇ ಟೆನರ್ ಬೇಕಿತ್ತು. ತೀರಾ ದುಬಾರಿ ಅಲ್ಲದ್ದು. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.